ಕಾವು

ಬೆಳಗಿನ ಆರು. ಕುವೊಪಿಯೊ ಆಸ್ಪತ್ರೆಯ ಕಿಟಕಿಯಾಚೆ
ಇನ್ನೂ ನಡುರಾತ್ರಿ. ನವೆಂಬರು.
ಗಾಲಿಬಂಡಿ ತಳ್ಳಿಕೊಂಡು ಬರುತ್ತೇನೆ,
ಮುಚ್ಚಳದ ಬಣ್ಣ ನೋಡಿ ಸೀಸೆ ಜೋಡಿಸುತ್ತೇನೆ.
ಹನ್ನೊಂದನೇ ಹಾಸಿಗೆಯ ಓಯ್ವ ಕಾರ್ತ್ತುನೆನ್
ಕೇಳುವ ಮೊದಲೇ ತೋಳು ಚಾಚುತ್ತಾರೆ,
ಅದು ಬೇರೆ ಯಾರದೋ ತೋಳೆಂಬಂತೆ.

ಪಿಯಾನೋಗಳಿಗೆ ಶ್ರುತಿ ಕೂಡಿಸುವವರು. ಅರವತ್ತೊಂದು ವಯಸ್ಸು.
ಸರೋವರದಂಚಿನ ಬೇಸಿಗೆಮನೆಯಲ್ಲಿ ಸೌದೆಕೊಟ್ಟಿಗೆಯನ್ನು
ಹಿಮ ಬೀಳುವ ಮುಂಚೆ ಗುಡಿಸಿದ್ದರು, ಅಷ್ಟೇ ತಪ್ಪು.
ಬರ್ಚ್ ಸೌದೆಯ ಸಂದಿನಲ್ಲಿ ಮೊಂಡುಬಾಲದ ಕಾಡಿಲಿ
ಬಿಟ್ಟುಹೋದದ್ದು ಒಣಗಿ, ಧೂಳಾಗಿ, ಎದ್ದು,
ಒಂದೇ ಉಸಿರಿಗೆ ಒಳಗೆ.
ಮೂರು ವಾರ ಸುಮ್ಮನಿತ್ತು.
ಆಮೇಲೆ ಜ್ವರ, ಸೊಂಟ ಸೀಳುವ ನೋವು, ಮಬ್ಬುಗಣ್ಣು,
ಹೆಜ್ಜೆ ತಪ್ಪಿದ ಮೂತ್ರಪಿಂಡ.

ನಾನು ಹೊತ್ತೊಯ್ದ ಮೂರು ಮಿಲಿಲೀಟರಿನಲ್ಲಿ
ಯಂತ್ರ ಒಂದು ಅಂಕಿ ಓದುತ್ತದೆ: ನೂರ ಹನ್ನೆರಡು.
ಉರಿಯೂತ ಎನ್ನುತ್ತೇವೆ. ಉರಿ ಒಂದು, ಊತ ಒಂದು.
ಉರಿ ಕಂಡಿತು. ಊತವೂ ಕಂಡಿತು.
ಮೂರನೆಯದೊಂದಿದೆ, ಅದು ಆ ಪದದೊಳಗಿಲ್ಲ.

ಆರನೇ ದಿನ ಜ್ವರ ಇಳಿಯಿತು. ಮೂತ್ರ ತಿಳಿಯಾಯಿತು.
ಒಳ್ಳೆಯದಾಯಿತು ಎಂದರು ಎಲ್ಲರೂ, ಅವರೂ.
ಹಿಲ್ಲೆವಿ ಡಾಕ್ಟರು ತನ್ನ ಅಧ್ಯಯನದ ಹಾಳೆ ತಂದಳು:
ಈ ವಾರ ಯಾವುದರಲ್ಲೂ ಆಸಕ್ತಿ ಇರಲಿಲ್ಲವೇ?
ಸೊನ್ನೆ, ಒಂದು, ಎರಡು, ಮೂರು; ಗುರುತು ಹಾಕಿ.
ಸೊನ್ನೆಯ ಕೆಳಗೆ ಸೊನ್ನೆ, ಅದರ ಕೆಳಗೆ ಸೊನ್ನೆ,
ಮಣಿ ಪೋಣಿಸಿದ ಹಾಗೆ ಹಾಕಿಕೊಟ್ಟರು.
ಈ ಸೀಮೆಯ ಗಂಡಸರು ಹಾಳೆಯ ಮೇಲೂ ಬಾಯಿಬಿಡುವವರಲ್ಲ.

ಅದೇ ಸಂಜೆ, ಊಟದ ಕೋಣೆಯ ಮೂಲೆಯಲ್ಲಿ
ಯಾರೋ ದಾನ ಕೊಟ್ಟ ಮುದಿ ಪಿಯಾನೋ.
ಯಾರದೋ ಮೊಮ್ಮಗಳು ಒಂದೇ ಬೆರಳಲ್ಲಿ ಬಾರಿಸುತ್ತಿದ್ದಳು.
ಎರಡು ತಂತಿ ಒಂದನ್ನೊಂದು ಕಚ್ಚಾಡಿ
ನನಗೇ ಹಲ್ಲು ಜುಮ್ಮೆಂದಿತು.
ಓಯ್ವ ಪಕ್ಕದಲ್ಲೇ ಸೂಪು ಕುಡಿಯುತ್ತಿದ್ದರು.
"ಕೇಳಿಸಲಿಲ್ಲವೇ?"
"ಕೇಳಿಸಿತು," ಎಂದರು. ಬಹಳ ಹೊತ್ತಾದ ಮೇಲೆ,
"ಕೇಳಿಸಿದ್ದಷ್ಟೇ."

ಸೌನಾ ಒಲೆಯ ಹೊಗೆಕೊಳವೆಯ ಬಾಗಿಲನ್ನು
ಅಮ್ಮ ಬೇಗ ಮುಚ್ಚಗೊಡುತ್ತಿರಲಿಲ್ಲ.
ಜ್ವಾಲೆ ಆರಿತೆಂದು ನಂಬಬೇಡ, ಎನ್ನುತ್ತಿದ್ದಳು.
ಕೆಂಡದ ಮೇಲೆ ನೀಲಿ ನಾಲಗೆ ಆಡುವತನಕ
ಬಣ್ಣವಿಲ್ಲದ, ವಾಸನೆಯಿಲ್ಲದ ಹೊಗೆಯೊಂದು ತಲೆಗೇರುತ್ತದೆ;
ಏರಿದವನಿಗೆ ಉಸಿರುಗಟ್ಟಿದೆ ಅನಿಸುವುದೇ ಇಲ್ಲ,
ನಿದ್ದೆ ಬಂದಿದೆ ಅನಿಸುತ್ತದೆ.

ಹಿಲ್ಲೆವಿಗೆ ಹೇಳಿದೆ. ನಕ್ಕಳು, ಆಮೇಲೆ ನಗಲಿಲ್ಲ.
ಬೆಂಕಿ ಜೋರಾಗಿದ್ದವರ ಮನಸ್ಸೇ ಹೆಚ್ಚು ಕುಗ್ಗಿದ ಹಾಗೆ
ಕಾಣುತ್ತಿದೆ, ಎಂದಳು. ಕಾಣುತ್ತಿದೆ, ಅಷ್ಟೇ.
ಜೊತೆಗೆ ನಡೆದವರೆಲ್ಲ ನೆಂಟರಲ್ಲ.
ಕತ್ತಲೆಯ ನವೆಂಬರಿದೆ, ಒಂಟಿ ಹಾಸಿಗೆಯಿದೆ, ಡಯಾಲಿಸಿಸ್ಸಿನ ಭಯವಿದೆ;
ಯಾವ ಬೇರು ಯಾವ ಗಿಡದ್ದೆಂದು ಹೇಗೆ ಹೇಳಲಿ?

ಇರಬಹುದು. ಆದರೆ ಮೈಗೂ ಒಂದು ಹಳೆಯ ಬುದ್ಧಿ:
ಮಲಗು, ತಿನ್ನಬೇಡ, ಯಾರ ಮುಖವನ್ನೂ ನೋಡಬೇಡ.
ಗಾಯಗೊಂಡ ಪ್ರಾಣಿಗೆ ಹೇಳುವ ಮಾತನ್ನೇ
ರಕ್ತ ತಲೆಗೆ ಹೇಳಿಕಳಿಸುತ್ತದೆ.
ವೈರಸ್ಸು ಹೋಯಿತು. ಹೇಳಿಕಳಿಸಿದ್ದು ಹೋಗಲಿಲ್ಲ.
ಜ್ವರ ಇಳಿದರೂ ಕಾವು ಕೂತೇ ಇದೆ,
ಕೋಳಿಯ ಹಾಗೆ, ಕಣ್ಣು ಅರೆಮುಚ್ಚಿ,
ಏನನ್ನು ಮರಿ ಮಾಡಲಿಕ್ಕೋ.

ನಾನು ಗುಣಪಡಿಸುವವಳಲ್ಲ, ಸೂಜಿಯವಳು.
ಆದರೂ ಹಾಳೆಯ ಅಂಚಿಗೆ ಪೆನ್ಸಿಲಿನಲ್ಲಿ ಬರೆದೆ:
ಹಾಸಿಗೆ ಹನ್ನೊಂದು. ಪಿಯಾನೋ. ಕೇಳಿಸಿದ್ದಷ್ಟೇ.

ಫೆಬ್ರವರಿಯಲ್ಲಿ ತಪಾಸಣೆಗೆ ಬಂದರು, ಟೊಪ್ಪಿಗೆಯ ತುಂಬ ಹಿಮ.
ನಡುವೆ ಯಾರ ಬಳಿ ಹೋದರೋ, ಯಾವ ಮಾತ್ರೆಯೋ,
ಎಷ್ಟು ನಡಿಗೆಯೋ, ಕೇಳಲಿಲ್ಲ.
ಊಟದ ಕೋಣೆ ದಾಟುವಾಗ ನಿಂತು
ಕೈಗವಸು ಬಿಚ್ಚದೆಯೇ ಒಂದು ಮನೆ ಒತ್ತಿದರು.
ಹುಬ್ಬು ಗಂಟಾಯಿತು.
"ಯಾರು ಇದನ್ನು ಹೀಗೆ ಕೊಳೆಯಲು ಬಿಟ್ಟವರು!"
ಇಡೀ ಪಡಸಾಲೆ ತಿರುಗಿ ನೋಡುವಷ್ಟು ಸಿಡುಕು.
ನಾನು ಬಂಡಿ ನಿಲ್ಲಿಸಿ ಆ ಬೈಗುಳವನ್ನು
ಕೊನೆಯತನಕ ಕೇಳಿದೆ.