ಬಾಣಕ್ಕೆ ಅನ್ನ

ಶಾರ್ಜಾದ ರೋಲಾದಲ್ಲಿ, ಪರದೆ ಬಟ್ಟೆಯಂಗಡಿಯ ಪಕ್ಕ
ನಮ್ಮ ಟೈಪಿಂಗ್ ಸೆಂಟರು: ಮೂರು ಮೇಜು, ಒಂದು ಏಸಿ,
ಗೋಡೆಯಲ್ಲಿ ಹೋದ ವರ್ಷದ ಕ್ಯಾಲೆಂಡರು.
ಬಾಗಿಲ ಹತ್ತಿರದ ಮೇಜು ಚೆಯ್ಯಬ್ಬಾಕರದು.

ಅವರ ಬೆರಳಿಗೆ ಇನ್ನೂ ಹದಿನೆಂಟರ ಪ್ರಾಯ.
ಅರಬ್ಬಿ ಬಲದಿಂದ, ಇಂಗ್ಲಿಷು ಎಡದಿಂದ,
ಎರಡನ್ನೂ ಕೀಲಿ ನೋಡದೆ ಹೊಡೆಯುತ್ತಾರೆ,
ಗಿರಾಕಿಯ ಕಡೆ ಮುಖ ಮಾಡಿ
ಅವನ ತಾಯಿಯ ಹೆಸರು ಕೇಳುತ್ತಲೇ.

ಸಂಕಟವೆಲ್ಲ ಮೌಸಿನದು.
ಬಿಳಿ ಫಾರ್ಮಿನ ಮೇಲೆ ಬಿಳಿ ಬಾಣ,
ಅಕ್ಕಿಯೊಳಗೆ ಬಿದ್ದ ಅಕ್ಕಿಹುಳ.
ಸಕ್ಕರೆ ಕಾಯಿಲೆ ಕಣ್ಣ ಹಿಂದೆ ಕೂತು
ನಡುವಿನದನ್ನು ಮಾತ್ರ ತಿನ್ನುತ್ತ ಬಂದಿದೆ,
ದೋಸೆಯ ಅಂಚು ಬಿಡುವ ಮಗುವಿನ ಹಾಗೆ.

ಯಾರಿಗೂ ಹೇಳಿರಲಿಲ್ಲ.
ನನ್ನ ಕಣ್ಣಿಗೆ ಬಿದ್ದದ್ದು ಅವರ ಉಪಾಯ:
ಮೌಸನ್ನು ಮೇಲಕ್ಕೆ, ಎಡಕ್ಕೆ, ಜೋರಾಗಿ ತಳ್ಳುವರು.
ಮೂಲೆಗೆ ಬಿದ್ದದ್ದು ಇನ್ನೆಲ್ಲಿಗೆ ಓಡೀತು?
ಅಲ್ಲಿಂದ ಕೆಳಕ್ಕೆ ಮೂರು ಬೆರಳು, ಬಲಕ್ಕೆ ಎರಡು,
ತುಟಿಯಲ್ಲೇ ಎಣಿಸಿ, ಬಿಸ್ಮಿ ಹೇಳಿ, ಕ್ಲಿಕ್ಕು.

ಒಮ್ಮೆ ಎಣಿಕೆ ತಪ್ಪಿತು.
ಸಿಲ್ಹೆಟ್ಟಿನ ಡ್ರೈವರ್ ಮುಹಿಬುರ್, ಹೆಂಡತಿಯ ವಿಸಿಟ್ ವೀಸಾ.
'ಸಲ್ಲಿಸು' ಬಿಟ್ಟು 'ರದ್ದು' ಒತ್ತಿಬಿಟ್ಟರು.
ಮತ್ತೆ ಕಟ್ಟುವ ಫೀಸನ್ನು ತಮ್ಮ ಕಿಸೆಯಿಂದ ಕಟ್ಟಿ
ಸಿಸ್ಟಮ್ಮು ಡೌನಾಗಿತ್ತು ಎಂದರು.
ಯಾವ ಸಿಸ್ಟಮ್ಮು ಎಂದು ನಾನು ಕೇಳಲಿಲ್ಲ.

"ಟೈಪ್‌ರೈಟರಿನಲ್ಲಿ ಈ ರಗಳೆ ಇರಲಿಲ್ಲ ಸೆವ್ರಿನ್,"
ಎನ್ನುತ್ತಿದ್ದರು ಆಗೀಗ, ಬಂದರಿನ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು.
"ಅಕ್ಷರ ಬೀಳುವ ಜಾಗ ಒಂದೇ,
ಕಾಗದವೇ ನಡೆದು ಬರುತ್ತಿತ್ತು ನಮ್ಮ ಹತ್ತಿರ.
ಈಗ ಕಾಗದ ಕದಲುವುದಿಲ್ಲ.
ನಾವೇ ಅಲೆಯಬೇಕು,
ನಾವೆಲ್ಲಿದ್ದೇವೆಂದು ಹುಡುಕಿಕೊಂಡು."

ಗುರುವಾರ ರಾತ್ರಿ, ಶಟರು ಅರ್ಧ ಎಳೆದ ಮೇಲೆ,
ಅವರ ಕಂಪ್ಯೂಟರಿನ ಸೆಟ್ಟಿಂಗಿಗೆ ಕೈ ಹಾಕಿದೆ.
ಬಾಣವನ್ನು ದೊಡ್ಡದು ಮಾಡಿದೆ, ಇನ್ನೂ ದೊಡ್ಡದು.
ಬಿಳಿ ಕಿತ್ತು ಹಳದಿ ಹಚ್ಚಿದರೆ ಹಳದಿಯೂ ಕರಗಿತು;
ಕೊನೆಗೆ ಪುನರ್ಪುಳಿಯ ಕೆಂಪು.
ಓಟದ ವೇಗ ಇಳಿಸಿದೆ.
ಕಂಟ್ರೋಲ್ ಕೀ ಒತ್ತಿದರೆ ಬಳೆ ಮೂಡುವಂತೆ
ಒಂದು ಪುಟ್ಟ ಚೌಕಕ್ಕೆ ಟಿಕ್ ಹಾಕಿದೆ.
ಚೀಟಿ ಬರೆದಿಡಲಿಲ್ಲ. ಬರೆದರೂ ಓದಬೇಕಲ್ಲ.

ಶನಿವಾರ ಬಂದು ಕೂತರು. ಏನೂ ಹೇಳಲಿಲ್ಲ.
ಹನ್ನೊಂದರ ಸುಮಾರಿಗೆ, ಪಾಸ್‌ಪೋರ್ಟ್ ನಂಬರು ಕಾಪಿ ಮಾಡಲೆಂದು
ಕಂಟ್ರೋಲ್ ಒತ್ತಿದವರು
ಗಿರಾಕಿ ಏನೋ ಕೇಳಿದ್ದಕ್ಕೆ ಬೆರಳು ತೆಗೆದರು:
ಪರದೆಯ ಮೇಲೆ ಬಳೆಯೊಂದು ಮೂಡಿ
ಒಳಕ್ಕೆ ಒಳಕ್ಕೆ ಕಿರಿದಾಗುತ್ತ
ಬಾಣದ ತುದಿಯಲ್ಲಿ ಮುಳುಗಿತು,
ಬಾವಿಗೆ ಎಸೆದ ಕಲ್ಲು
ಎಬ್ಬಿಸಿದ ಅಲೆಗಳನ್ನೆಲ್ಲ ತಾನೇ ಸುತ್ತಿಕೊಂಡು
ಮೇಲೆದ್ದು ಕೈಗೆ ಮರಳಿದ ಹಾಗೆ.
ಮತ್ತೆ ಒತ್ತಿದರು. ಮತ್ತೆ.
ಗಿರಾಕಿ ಗಡಿಯಾರ ನೋಡಿಕೊಂಡ.

ಕರಕ್ ಚಾ ಬಂದಾಗ
ಸಕ್ಕರೆ ಇಲ್ಲದ ಲೋಟ ತಮ್ಮ ಕಡೆ ಎಳೆದುಕೊಂಡು
"ಯಾರೋ ನನ್ನ ಬಾಣಕ್ಕೆ ಅನ್ನ ಹಾಕಿದ್ದಾರೆ" ಎಂದರು.
ಅಷ್ಟೇ.

ಮುದೀರ್ ಹಿಂದಿನಿಂದ ಬಗ್ಗಿ,
ಇದೇನಿದು ಬದನೆಕಾಯಿ ಗಾತ್ರ, ಎಂದಾಗ
ಹೊಸ ವರ್ಷನ್ನು ಎಂದೆ.
ತಿಂಗಳೊಳಗೆ ತಮ್ಮ ಮೇಜಿಗೂ ಹಾಕಿಸಿಕೊಂಡರು,
ಕಾರಣ ಹೇಳದೆ.

ಮೊನ್ನೆ ಜುಬೈಲ್ ಬಸ್‌ಸ್ಟ್ಯಾಂಡಿನಲ್ಲಿ, ಮಟಮಟ ಮಧ್ಯಾಹ್ನ.
ಅವರ ಕಣ್ಣಿನ ಇಂಜೆಕ್ಷನ್ನಿಗೆ ಜೊತೆ ಹೋಗಬೇಕಿತ್ತು.
ಬಿಳಿ ಬಿಸಿಲು, ಬಿಳಿ ಗೋಡೆ, ಬಿಳಿ ಕಂದೂರ, ಬಿಳಿ ಅಂಗಿ;
ಒಳ್ಳೆಯ ಕಣ್ಣಿಟ್ಟುಕೊಂಡೂ ನನಗೆ ಚೆಯ್ಯಬ್ಬಾಕ ಸಿಗಲಿಲ್ಲ.
ಫೋನು ಮಾಡಿದೆ. "ಎಲ್ಲಿದ್ದೀರಿ?"
"ಅದು ನನಗೂ ಗೊತ್ತಿಲ್ಲ. ನಿಲ್ಲು, ಅಲ್ಲಾಡಿಸುತ್ತೇನೆ."

ಆ ಬಿಳಿಯ ನಡುವೆ ಎಲ್ಲೋ
ಮಡಚಿದ ಕೊಡೆಯೊಂದು ಎದ್ದು
ಎಡಕ್ಕೆ ಬಲಕ್ಕೆ,
ಎಡಕ್ಕೆ ಬಲಕ್ಕೆ.