ಮೂರೂವರೆ ಲೀಟರ್

ಮೊದಲು ಕೀಲಿಕೈ ದೂರ ಹೋಗಬೇಕು.
ಈ ಗಾಡಿಯನ್ನು ನಂಬುವ ಹಾಗಿಲ್ಲ. ಮಲಗಿದೆ ಅಂದುಕೊಂಡರೆ
ಬ್ಯಾಟರಿ ಇಳಿಯಿತೆಂದು ತಾನಾಗಿ ಎದ್ದುಬಿಡುತ್ತದೆ,
ಹೊಟ್ಟೆಯಲ್ಲಿ ಎಣ್ಣೆಯಿಲ್ಲದ ಹೊತ್ತಲ್ಲೂ.
ಅದಕ್ಕೇ ಕೀಲಿಯನ್ನು ಚಕ್ಕುಲಿ ಡಬ್ಬಿಗೆ ಹಾಕಿ
ಎದುರುಮನೆ ಮುಬೀನಾಳ ಕೈಗೆ ಕೊಟ್ಟೆ:
ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತಿರು,
ಕರೆಯುವ ತನಕ ಬರಬೇಡ.
"ಬಾಂಬಾ ಆಂಟಿ?" ಅಂದಳು, ಆಸೆಯಿಂದ.

ಮುಂದಿನ ಚಕ್ರ ಪೀಣ್ಯದಲ್ಲಿ ವೆಲ್ಡ್ ಮಾಡಿಸಿದ ಕಬ್ಬಿಣದ ಏರಿನ ಮೇಲೆ,
ಹಿಂದಿನವಕ್ಕೆ ಒಂದೊಂದು ಸೈಜುಗಲ್ಲು.
ಫ್ರಿಜ್ಜಿನ ರಟ್ಟು ಹಾಸಿ ಬೆನ್ನ ಮೇಲೆ ತೆವಳಿದೆ.
ಮತ್ತಿಕೆರೆಯ ಆಕಾಶ ಒಂದು ಗೇಣಿಗೆ ಇಳಿಯಿತು.
ಕಿತ್ತಳೆ ಬಣ್ಣದ ಕೇಬಲ್ಲು ಮುಟ್ಟಬಾರದು,
ಅದೊಂದು ನೆನಪಿದ್ದರೆ ಉಳಿದದ್ದೆಲ್ಲ ಬೋಲ್ಟು.
ಶೋರೂಮಿನ ಹುಡುಗ ಹೇಳಿದ್ದ, "ಹೈಬ್ರಿಡ್ ಮೇಡಂ,
ಎಲ್ಲರ ಕೈಗೂ ಬಗ್ಗಲ್ಲ."

ಕೈ!
ಇಪ್ಪತ್ತಾರು ವರ್ಷ ಜಾಲಹಳ್ಳಿಯ ವಾಚು ಫ್ಯಾಕ್ಟರಿಯಲ್ಲಿ
ಸೂಜಿಮೊನೆಯಿಂದ ಎಣ್ಣೆಯೆತ್ತಿ
ಕೆಂಪು ಕಲ್ಲಿನ ಕುಳಿಗೆ ಮುಟ್ಟಿಸಿದ ಕೈ.
ಹನಿ ಅಂದರೆ ದೊಡ್ಡ ಮಾತಾಯಿತು. ಹನಿಯ ಮೊಮ್ಮಗು.
ಹೆಚ್ಚಾದರೆ ಹರಡಿ ಧೂಳು ಹಿಡಿದು ಗಡಿಯಾರ ನಿಧಾನ,
ಕಡಿಮೆಯಾದರೆ ಒಳಗೊಳಗೇ ಸವೆತ.
ಪಕ್ಕದ ಬೆಂಚಿನ ಫಿಲೋಮಿನಾ ಕಲಿಸಿದ್ದು:
ಮೊದಲು ಉಸಿರು ಹಿಡಿ, ಆಮೇಲೆ ಎಣ್ಣೆ.

ಹದಿನಾಲ್ಕರ ಸ್ಪ್ಯಾನರ್. ಉಸಿರು ಹಿಡಿದೆ.
ಬೋಲ್ಟು ಮೊದಲು ಹಟ, ಆಮೇಲೆ ಒಂದು ಸುತ್ತು,
ಆಮೇಲೆ ಬೆರಳಿಂದ ಜಾರಿ ಬೇಸಿನ್ನಿಗೆ ಬಿತ್ತು.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅಂತ ಗಾದೆ ಕಟ್ಟಿ ನಕ್ಕವರು
ಯಾರೂ ಕಾರಿನಡಿ ಮಲಗಿದವರಲ್ಲ.
ನಾನು ಮುಚ್ಚಿಕೊಂಡೆ.

ಬೆಚ್ಚಗೆ, ಮೊಣಕೈವರೆಗೆ. ಕಾಕಂಬಿ ಬಣ್ಣ.
ಪೆಟ್ರೋಲಿನ ಒಂದೆಳೆ ವಾಸನೆ:
ಮೈ ಕಾಯುವ ಮುಂಚೆಯೇ ಸಿಗ್ನಲ್ಲಿಗೆ ಆರಿ, ಮತ್ತೆ ಹತ್ತಿ, ಮತ್ತೆ ಆರಿ
ಅರೆನಿದ್ದೆಯಲ್ಲೇ ಊರು ಸುತ್ತಿದ ಇಂಜಿನ್ನು.

ಒಂದು ಜೊತೆ ಚಪ್ಪಲಿ ಬಂದು ನಿಂತಿತು. ಮೇಲ್ಮನೆ ಗುರುಪಾದಪ್ಪ.
"ಬೆಳಬೆಳಗ್ಗೆನೇ ಎಣ್ಣೆನಾ, ತಿಪ್ಪಮ್ಮಾರೇ?"
"ಮೂರೂವರೆ ಲೀಟರ್ ರೀ," ಅಂದೆ, "ಒಬ್ಬಳೇ."
ಚಪ್ಪಲಿ ಸ್ವಲ್ಪ ಹೊತ್ತು ಯೋಚಿಸಿ ಹೊರಟುಹೋಯಿತು.

ಫಿಲ್ಟರು ಬಿಚ್ಚಿ, ಕಾಗದದ ನೆರಿಗೆ ಬಿಡಿಸಿ
ಬಿಸಿಲಿಗೆ ಹಿಡಿದು ನೋಡಿದೆ, ಲೋಹದ ಮಿನುಗಿದೆಯಾ ಅಂತ.
ಇಲ್ಲ. ಹೊಸದರ ರಬ್ಬರ್ ಬಳೆಗೆ
ಕಿರುಬೆರಳಲ್ಲಿ ಎಣ್ಣೆ ಸವರಿದೆ, ಬೇಕಾದ್ದಕ್ಕಿಂತ ತೆಳ್ಳಗೆ.
ಹೊಸ ವಾಷರು. ಬೋಲ್ಟು.
ಆಮೇಲೆ ಮೇಲಿಂದ, ಆಲಿಕೆಯಿಟ್ಟು, ನೀರಿನಂಥ ಎಣ್ಣೆ ಗಳಗಳ.
ಇಷ್ಟರಲ್ಲಿ ಎಷ್ಟು ಲಕ್ಷ ಗಡಿಯಾರ ಅಂತ
ಲೆಕ್ಕ ಶುರುಮಾಡಿ, ಬಿಟ್ಟೆ. ಕೈ ಮಾತ್ರ ನಡುಗಿತು,
ದುಂದು ಮಾಡುವವಳ ಕೈಯ ಹಾಗೆ.
ಹಳೆಯದು ಕ್ಯಾನಿಗೆ. ಸೆಂಟ್ರಿಂಗ್ ಮೇಸ್ತ್ರಿ ಹಲಗೆಗೆ ಬಳಿಯುತ್ತಾನೆ,
ಯಾರದೋ ತಾರಸಿ ಅಂಟದೆ ಬಿಟ್ಟುಕೊಳ್ಳಲಿ.

"ಮುಬೀನಾ!"
ಟ್ರಾನ್ಸ್‌ಫಾರ್ಮರ್ ಹತ್ತಿರ ಒಂದು ಹಸು ನಿಂತಿತ್ತು.
ಅರ್ಧ ಗಂಟೆಗೆ ಬೇಕರಿ ಕಡೆಯಿಂದ ಬಂದಳು, ತಲೆ ಮೇಲೆ ಡಬ್ಬಿ.
"ಸಿಡೀಲೇ ಇಲ್ಲ ಆಂಟಿ."
ಕೀಲಿಗೆಲ್ಲ ದಿಲ್‌ಪಸಂದಿನ ಸಕ್ಕರೆ.

ಗುಂಡಿಯೊತ್ತಿದೆ. ರೆಡಿ, ಅಂದಿತು ಹಸಿರು ಅಕ್ಷರ. ಸದ್ದಿಲ್ಲ.
ಬಾನೆಟ್ಟಿಗೆ ಕಿವಿಯಿಟ್ಟೆ.
ವಾಚಾಗಿದ್ದರೆ ಇಷ್ಟೊತ್ತಿಗೆ ಹೇಳುತ್ತಿತ್ತು.
ಮುಬೀನಾಳನ್ನು ಹಿಂದೆ ಕೂರಿಸಿಕೊಂಡು
ಯಶವಂತಪುರದ ಮೇಲ್ಸೇತುವೆ ತನಕ ಮೌನವನ್ನೇ ಓಡಿಸಿದೆ.
ಏರು ಸಿಕ್ಕಿತು. ಪೆಡಲ್ಲಿನ ಕೆಳಗೆ
ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ ಇಂಜಿನ್ನು ಎದ್ದಿತು.
"ಸಿಡೀತು!" ಅಂದಳು.

ಮಾರನೆ ದಿನ ಬಾಗಿಲಿಗೆ ನೀರು ಹಾಕುವ ಮುಂಚೆ
ಗಾಡಿಯಡಿಯ ರಟ್ಟು ಎಳೆದು ನೋಡಿದೆ.
ಏನೂ ಸೋರಿಲ್ಲ.
ಕನ್ನಡಕ ಹಾಕಿಕೊಂಡು ನೋಡಿದರೆ ಒಂದು, ನಡುವೆ.
ಹನಿ ಅಂದರೆ ದೊಡ್ಡ ಮಾತಾಯಿತು.