ಖಾಲಿ ಬಿಟ್ಟ ಬಲಭಾಗ

ಕಲ್ಲು ನಮ್ಮ ಶಹಾಬಾದಿನದೇ, ನಾಲ್ಕಡಿ ಅಗಲ.
ಎಡಕ್ಕೆ ಅಪ್ಪ ಕೆತ್ತಿದ ಸಾರೂಬಾಯಿ.
ಬಲಕ್ಕೆ ಮೂವತ್ತೊಂದು ವರ್ಷದಿಂದ ಬರೀ ಕಲ್ಲು.
"ಜಾಗ ಬಿಡು ಮಲ್ಕಪ್ಪ, ನಾನೂ ಬರಾವ,
ಗಾಡಿ ಜರಾ ಲೇಟ್ ಅದ," ಅಂದಿದ್ದರಂತೆ ಹಸಾಜಿ ಕಾಕಾ.

ಇವತ್ತು ಬೆಳಿಗ್ಗೆ ಅವರ ಮಗಳು ಹನ್ನಾ
ಮಡಿಸಿದ ಕಾಗದ ತಂದುಕೊಟ್ಟಳು,
ಬಲದಿಂದ ಎಡಕ್ಕೆ ನಡೆಯುವ ಎರಡು ಸಾಲು.
ನನಗೆ ಓದಲು ಬಾರದು. ಗೆರೆ ಬರುತ್ತದೆ.
ವರಳಿಯ ಗೋಡೆಯಾಚೆ ಬಸ್ಸುಗಳು ಕೂಗುತ್ತಿದ್ದವು.
ಉಳಿ ಮಸೆಯುತ್ತ ಕೂತೆ.

ಅಪ್ಪನಿಗೆ ಆಗ ಹದಿನೇಳು.
ವಾಡಿ ಜಂಕ್ಷನ್ನಿನಿಂದ ಹೊರಟ ಗೂಡ್ಸ್ ಗಾಡಿ,
ಹಾಸುಗಲ್ಲಿನ ಲೋಡಿನ ಮೇಲೆ ಬೋರಲು ಮಲಗಿದ ಹುಡುಗ,
ಟಿಕೀಟಿಲ್ಲ, ಚಪ್ಪಲಿಯಿಲ್ಲ.
ದೌಂಡಿನಲ್ಲಿ ಲಾಟೀನು ಹಿಡಿದು ಬಂದ ಗಾರ್ಡ್
ಕೆಳಗಿಳಿಸಿ, ತಮ್ಮ ಬ್ರೇಕ್‌ವ್ಯಾನಿನಲ್ಲಿ ಕೂಡಿಸಿ,
ಕಲಬುರಗಿಯ ಕನ್ನಡದಲ್ಲಿ ಕೇಳಿದರಂತೆ:
"ಉಂಡೀಯೇನೋ?"

ರನ್ನಿಂಗ್ ರೂಮಿನಲ್ಲಿ ಕಲಿತ ಭಾಷೆ ಅದು.
ಮನೆಯಾಚೆ ಮಾಂಸ ಮುಟ್ಟದ ಮನುಷ್ಯನಿಗೆ
ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದ ಭಾಷೆ.
ಆ ಋಣಕ್ಕೋ ಏನೋ, ಅರವತ್ತು ವರ್ಷ
ನಮ್ಮ ಬಾಗಿಲಲ್ಲಿ ನಿಂತು "ಅವ್ವಾ, ಹ್ಯಾಂಗದೀರಿ" ಎಂದರು.

ಕೊಂಕಣದ ಅವರ ಮುತ್ತಜ್ಜರು ಗಾಣದವರು.
ಶನಿವಾರ ಎತ್ತಿಗೂ ನೊಗವಿಲ್ಲ;
ಶನಿವಾರದ ತೇಲಿ ಎಂದೇ ಊರು ಕರೆಯಿತು.
ರೈಲಿಗೆಲ್ಲಿಯ ಶನಿವಾರ?
ಆ ಒಂದು ದಿನವನ್ನು ಕೊಳ್ಳಲು ಕಾಕಾ
ಎಷ್ಟು ದೀಪಾವಳಿ, ಎಷ್ಟು ಈದು, ಎಷ್ಟು ನಾತಾಳದ ರಾತ್ರಿ
ಬೇರೆಯವರ ಗಾಡಿಗೆ ಕೆಂಪು ದೀಪ ಕಟ್ಟಿ
ಭೋರ್ ಘಾಟು ಇಳಿದರೋ, ಲೆಕ್ಕವಿಲ್ಲ.
ಶುಕ್ರವಾರ ಸಂಜೆ ಮಾಂಡವಿಯ ಖೋಲಿಯಲ್ಲಿ
ಗಾಜಿನ ಬಟ್ಟಲು, ನೀರಿನ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಬತ್ತಿ.
ಹರಕೆಯ ದಿನ ನಾವು ಮಕ್ಕಳು ಮೆಟ್ಟಿಲಲ್ಲಿ
ಮಲೀದಾಕ್ಕೆ ಬಾಯಿ ನೀರೂರಿಸಿ ಕೂರುತ್ತಿದ್ದೆವು.
ಏಲಿಯಾಹು ಪ್ರವಾದಿಗೆ ಮೊದಲು ತೋರಿಸಬೇಕು.
ಆತ ನೋಡಿ ಮುಗಿಸಲು ಬಹಳ ಹೊತ್ತು.

ತಮ್ಮಂದಿರು ಹಡಗು ಹತ್ತಿದರು.
ಗಂಡುಮಕ್ಕಳಿಬ್ಬರೂ ಅಶ್ದೋದಿಗೆ.
ಹತ್ತು ಗಂಡಸರು ಕೂಡದೆ ಪ್ರಾರ್ಥನೆ ಹೊರಡದು.
ಒಂಬತ್ತಕ್ಕೇ ನಿಂತ ದಿನ ಕಾಕಾ ಬೀದಿಗಿಳಿದು
ಗಡಿಯಾರ ನೋಡುತ್ತಿದ್ದರು, ಸಿಗ್ನಲ್ ಬೀಳದವರ ಹಾಗೆ.
"ನೀವ್ಯಾಕ ಹೋಗಲಿಲ್ಲ?" ಒಮ್ಮೆ ಕೇಳಿದ್ದೆ.
"ಅಲ್ಲಿ ತೆಂಗಿನಕಾಯಿ ಯಾರು ಒಡೀತಾರ," ಎಂದು ನಕ್ಕರು.
ಆಮೇಲೆ ಏನೂ ಅನ್ನಲಿಲ್ಲ.

ವರ್ಷಕ್ಕೊಮ್ಮೆ ಇಲ್ಲಿಗೆ ಬರುವರು.
ಬಾಟಲಿ ನೀರಲ್ಲಿ ಕಲ್ಲು ತೊಳೆದು,
ಹಳಿಯಡಿಯ ಒಂದು ಕರೀ ಜಲ್ಲಿ ಜೇಬಿನಿಂದ ತೆಗೆದಿಟ್ಟು,
ಬಲಭಾಗವನ್ನು ಅಂಗೈಯಲ್ಲಿ ಸವರಿ
"ಬರ್ತ್ ಖಾಲಿ ಅದ" ಎನ್ನುವರು.

ಒಂದು ಮಾತು ಬಾಕಿ. ಸಾರಾ ಎಂಬ ಹೆಸರಿನಲ್ಲಿ
ದುಂಡಗೆ ಬಾಗಬೇಕಾದ ಅಕ್ಷರಕ್ಕೆ
ಅಪ್ಪನ ಉಳಿ ಮೂಲೆ ತೆಗೆದಿತ್ತು.
ಕಲ್ಲು ನೆಟ್ಟ ಮೇಲೆ ಹಜ್ಜನ್ ಓದಿ ಹೌಹಾರಿದರು:
ಹೆಂಗಸಿನ ಹೆಸರು ಹೋಗಿ 'ಹೊಲ' ಎಂದಾಗಿದೆ!
ಅಪ್ಪ ಹೊಸ ಕಲ್ಲು ತರುತ್ತೇನೆಂದು ಅತ್ತ.
ಕಾಕಾ ಕನ್ನಡಕ ಹಾಕಿ, ಬೆರಳಿಟ್ಟು, ಎರಡು ಸಲ ಓದಿದರು.
"ಇರಲಿ ಬಿಡು ಮಲ್ಕಪ್ಪ.
ನಾಕು ಹಡದು ಒಂದನ್ನ ಮಣ್ಣಿಗಿ ಕೊಟ್ಟಾಕಿ.
ಹೊಲ ಅಂದ್ರ ತಪ್ಪೇನದ?"

ಹುಟ್ಟಿದ ವರ್ಷಕ್ಕೆ ಮಕ್ಕಳಲ್ಲಿ ಫೋನಿನಲ್ಲೇ ಜಗಳ,
ಶಾಲೆಯದೊಂದು, ರೈಲ್ವೆಯದೊಂದು.
"ತೊಂಬತ್ತಾರು ಅಂತಷ್ಟೇ ಹೊಡಿ," ಎಂದಳು ಹನ್ನಾ.
ಬಿಸಿಲೇರುವ ಹೊತ್ತಿಗೆ ಕಾಕಾನ ಹೆಸರು ಮುಗಿಸಿ
ಅವರ ಅಪ್ಪನ ಹೆಸರಿಗೆ ಬಂದೆ: ರಹಮೀಮ್.
ಕಾಗದ ನೋಡಿದೆ. ಎಡಕ್ಕೆ ನೋಡಿದೆ.
ಅದೇ ಅಕ್ಷರ.

ಸುತ್ತಿಗೆ ಹಗುರ ಮಾಡಿ, ಉಸಿರು ಹಿಡಿದು,
ದುಂಡಗೇ ಬಾಗಿಸಿದೆ.
ಒಂದು ಗೇಣಿನಾಚೆ ಅಪ್ಪನ ಮೂಲೆ ಹಾಗೇ ಇತ್ತು.
ಗೀರಿನಲ್ಲಿ ಕೂತ ಪುಡಿಯನ್ನು ಊದಿದೆ.
ಅದು ಹೊಲದ ಕಡೆ ಹಾರಿತು.